ನೆಲ್ಲಿಕಾಯಿಯ ಗೆರೆ, ಕಮಾನಿನ ತುದಿ

ಮೈಸೂರಿನ ಲಷ್ಕರ್ ಮೊಹಲ್ಲಾ ತನ್ನ ಹುಟ್ಟಿನ ಕಥೆಯನ್ನು ಹೆಸರಲ್ಲೇ ಇಟ್ಟುಕೊಂಡಿದೆ. ಲಷ್ಕರ್ ಎಂದರೆ ಸೈನ್ಯ, ದಂಡು. ಇಂದು ಈ ಮೊಹಲ್ಲಾದ ಮಾತೆತ್ತಿದರೆ ದಂಡಿಗಿಂತ ಮೊದಲು ನೆನಪಾಗುವುದು ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಕಟ್ಟಿದ ಚರ್ಚು ಇದ್ದ ಜಾಗದಲ್ಲಿಯೇ ಈಗಿನ ಕಟ್ಟಡಕ್ಕೆ 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಗೋಪುರಗಳ ಎತ್ತರ 175 ಅಡಿ. ಕಟ್ಟಡದ ಶೈಲಿ ಯುರೋಪಿನ ಗಾಥಿಕ್. ಬಾಗಿಲಲ್ಲಿ, ಕಿಟಕಿಯಲ್ಲಿ, ಕಂಬಗಳ ನಡುವೆ ಮತ್ತೆ ಮತ್ತೆ ಎದುರಾಗುವ ಆಕಾರ ಒಂದೇ: ಎರಡು ಕಡೆಯಿಂದ ಬಾಗುತ್ತ ಏರಿ ನೆತ್ತಿಯಲ್ಲಿ ಚೂಪಾಗಿ ಕೂಡಿಕೊಳ್ಳುವ ಕಮಾನು. ಈ ಕಮಾನಿನ ತುದಿಯಲ್ಲಿ ಇಳಿಜಾರು ಎಷ್ಟು ಎಂದು ಕೇಳಿದರೆ, ಕೇಳಿದವರು ತಮಗೆ ಗೊತ್ತಿಲ್ಲದೆಯೇ ಕಲನಶಾಸ್ತ್ರದ ಬಾಗಿಲು ತಟ್ಟಿದಂತಾಯಿತು.

ಆಕಾರವನ್ನು ಕಾಗದದ ಮೇಲೆ ಎಳೆಯುವುದು ಕಷ್ಟವಲ್ಲ. ಒಂದು ಅಡ್ಡಗೆರೆ ಹಾಕಿ, ಅದರ ಉದ್ದದಷ್ಟೇ ಕೈವಾರವನ್ನು ಅಗಲಿಸಿ, ಎರಡು ತುದಿಯಲ್ಲೂ ಮುಳ್ಳೂರಿ ಒಂದೊಂದು ಕಂಸ ಎಳೆದರೆ ಗಾಥಿಕ್ ಕಮಾನುಗಳಲ್ಲೇ ಸರಳವಾದದ್ದು ಮೂಡುತ್ತದೆ. ಪಕ್ಕದಲ್ಲಿ ಅರ್ಧವೃತ್ತದ ಕಮಾನೊಂದನ್ನು ಬರೆಯೋಣ. ಈಗ ಅಡಿಪಟ್ಟಿಯನ್ನು ಗೆರೆಗೆ ತಾಗಿಸಿ ಎಡದಿಂದ ಬಲಕ್ಕೆ ನಿಧಾನ ಜರುಗಿಸಬೇಕು. ಅರ್ಧವೃತ್ತದ ಮೇಲೆ ಪಟ್ಟಿ ಮೊದಲು ನೆಟ್ಟಗೆ ನಿಂತಿರುತ್ತದೆ, ಮೇಲೇರಿದಂತೆ ವಾಲುತ್ತದೆ, ನೆತ್ತಿಯಲ್ಲಿ ನೆಲಕ್ಕೆ ಸಮವಾಗಿ ಮಲಗುತ್ತದೆ, ಆಮೇಲೆ ಆಚೆ ಬದಿಗೆ ವಾಲುತ್ತದೆ. ನೆತ್ತಿಯಲ್ಲಿ ಇಳಿಜಾರು ಸೊನ್ನೆ. ಚೂಪು ಕಮಾನಿನ ಮೇಲೆ ಹಾಗಾಗುವುದಿಲ್ಲ. ಎಡಗಡೆಯಿಂದ ಬಂದ ಪಟ್ಟಿ ತುದಿ ಮುಟ್ಟಿದಾಗಲೂ ಇನ್ನೂ ಏರುತ್ತಲೇ ಇರುತ್ತದೆ: ಒಂದು ಅಡಿ ಮುಂದಕ್ಕೆ ಸರಿದರೆ ಸುಮಾರು 0.58 ಅಡಿ ಮೇಲಕ್ಕೆ. ಬಲಗಡೆಯಿಂದ ಬಂದರೆ ಅಷ್ಟೇ ಪ್ರಮಾಣದಲ್ಲಿ ವಿರುದ್ಧ ದಿಕ್ಕಿನ ವಾಲು. ತುದಿಯಲ್ಲಿ ಇದೇ ಇಳಿಜಾರು ಎಂದು ಒಂದು ಸಂಖ್ಯೆಯನ್ನು ಹೇಳಲು ಬರುವುದಿಲ್ಲ. ಅತ್ಯಂತ ಎತ್ತರದ ಬಿಂದು ಅದೇ. ಆದರೆ ಅಲ್ಲಿ ಇಳಿಜಾರು ಸೊನ್ನೆಯಲ್ಲ, ಇಳಿಜಾರೇ ಇಲ್ಲ. ಪಿಯು ವಿದ್ಯಾರ್ಥಿಗಳು ‘ಗರಿಷ್ಠ ಬೆಲೆ ಸಿಗಬೇಕಾದರೆ ನಿಷ್ಪನ್ನವನ್ನು ಸೊನ್ನೆಗೆ ಸಮ ಮಾಡು’ ಎಂದು ಬಾಯಿಪಾಠ ಮಾಡಿ, ಆ ನಿಯಮ ಎಲ್ಲಿ ಸೋಲುತ್ತದೆ ಎಂದು ತಿಳಿಯದೆ ತಡವರಿಸುವ ಜಾಗ ಇದು. ಎರಡು ಕಮಾನನ್ನು ಅಕ್ಕಪಕ್ಕ ಇಟ್ಟರೆ ನಿಯಮ, ನಿಯಮದ ಗಡಿ ಎರಡೂ ಒಟ್ಟಿಗೆ ಕಾಣುತ್ತವೆ.

ಕಲನಶಾಸ್ತ್ರವನ್ನು ನಕ್ಷೆ ಮತ್ತು ಚಿತ್ರಗಳಿಂದ ಆರಂಭಿಸಿ ಕಲಿಸುವುದು ಮಂದಮತಿಗಳಿಗಾಗಿ ಮಾಡಿಕೊಂಡ ಸಡಿಲಿಕೆ ಎಂಬ ಭಾವನೆ ನಮ್ಮ ತರಗತಿಗಳಲ್ಲಿ ಬೇರು ಬಿಟ್ಟಿದೆ. ಸೂತ್ರವೇ ನಿಜವಾದ ಗಣಿತ, ಚಿತ್ರ ಅದಕ್ಕೆ ತೊಡಿಸಿದ ಆಭರಣ ಎಂಬುದು ಆ ಭಾವನೆಯ ತಿರುಳು. ಚರಿತ್ರೆ ಹೇಳುವುದು ಬೇರೆ. ಬದಲಾವಣೆಯನ್ನು ಅಳೆಯುವ ವಿದ್ಯೆ ಹುಟ್ಟಿದ್ದೇ ಆಕಾರಗಳನ್ನು ಕತ್ತರಿಸಿ, ಜೋಡಿಸಿ, ಪಕ್ಕಪಕ್ಕದಲ್ಲಿಟ್ಟು ನೋಡುವ ಅಭ್ಯಾಸದಿಂದ. ಸೂತ್ರ ಆ ನೋಟವನ್ನು ನೆನಪಿಡಲು ಆಮೇಲೆ ಕಟ್ಟಿದ ಗಂಟು. ಕನ್ನಡ ನಾಡಿನ ಮತ್ತು ನೆರೆಹೊರೆಯ ಗಣಿತದ ದಾಖಲೆಗಳು ಇದಕ್ಕೆ ಸಾಕ್ಷಿಯಾಗಿವೆ. ಹಾಗಾಗಿ ಗಂಟನ್ನು ಮೊದಲು ಕೈಗಿಟ್ಟು ನೋಟವನ್ನು ಕೈಬಿಡುವ ಕಲಿಕೆ ಪುರಾತನ ಶಿಸ್ತೂ ಅಲ್ಲ, ಆಧುನಿಕ ಶಿಸ್ತೂ ಅಲ್ಲ. ಪರೀಕ್ಷೆಯ ಅವಸರದಲ್ಲಿ ರೂಢಿಯಾದ ಒಂದು ಅಭ್ಯಾಸ ಅಷ್ಟೇ.

ಈ ಮಾತಿಗೆ ಎದುರಾಗುವ ಮೊದಲ ಆಕ್ಷೇಪ ನಮ್ಮ ಹಳೆಯ ಗ್ರಂಥಗಳಿಂದಲೇ ಏಳುತ್ತದೆ. ಸಂಸ್ಕೃತದ ಗಣಿತ ಗ್ರಂಥಗಳು ಪದ್ಯದಲ್ಲಿವೆ, ಪದ್ಯದಲ್ಲಿ ಚಿತ್ರವಿಲ್ಲ. ಹಾಗಿದ್ದಮೇಲೆ ಪೂರ್ವಿಕರು ಬಾಯಿಪಾಠದಿಂದಲೇ ಕಲಿತರಲ್ಲವೇ ಎಂಬುದು ಆ ಆಕ್ಷೇಪ. ಗಣಿತಕ್ಕೆ ಅವರಿಟ್ಟ ಹೆಸರನ್ನು ನೋಡಿದರೆ ಉತ್ತರ ಹೊಳೆಯುತ್ತದೆ. ಅಂಕಗಣಿತಕ್ಕೆ ‘ಪಾಟೀಗಣಿತ’ ಎಂದರು. ಪಾಟಿ ಎಂದರೆ ಹಲಗೆ. ಲೆಕ್ಕಕ್ಕೆ ‘ಧೂಲಿಕರ್ಮ’ ಎಂಬ ಇನ್ನೊಂದು ಹೆಸರಿತ್ತು. ಹಲಗೆಯ ಮೇಲೆ ಧೂಳು ಹರಡಿ, ಬೆರಳಿನಿಂದಲೋ ಕಡ್ಡಿಯಿಂದಲೋ ಗೀಚಿ, ಅಳಿಸಿ, ಮತ್ತೆ ಗೀಚುವ ಕೆಲಸ. ಉತ್ತರ ಕರ್ನಾಟಕದ ಮಕ್ಕಳು ಸ್ಲೇಟಿಗೆ ಪಾಟಿ ಎನ್ನುವಾಗ ಆ ಹಳೆಯ ಪದವೇ ಅವರ ನಾಲಗೆಯಲ್ಲಿ ಆಡುತ್ತದೆ. ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಕೂಲಿಮಠಗಳಿಗೂ ಈ ಪದ್ಧತಿ ಹೊಸದಾಗಿರಲಿಲ್ಲ. ಪಾಠ ನಡೆದದ್ದು ಧೂಳಿನ ಮೇಲೆ, ನೆನಪಿಗೆ ಉಳಿದದ್ದು ಪದ್ಯ. ಗಾಳಿ ಚಿತ್ರವನ್ನು ಅಳಿಸಿತು, ತಾಳೆಗರಿ ಪದ್ಯವನ್ನು ಉಳಿಸಿತು. ಉಳಿದದ್ದನ್ನಷ್ಟೇ ನೋಡಿ ಅಳಿದದ್ದು ಇರಲೇ ಇಲ್ಲ ಎನ್ನುವುದು ತರ್ಕವಾಗದು.

ಅಳಿದ ಚಿತ್ರದ ನೆರಳು ಪದ್ಯಗಳಲ್ಲೇ ಇದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ರಚಿಸಿದ ‘ಗಣಿತಸಾರಸಂಗ್ರಹ’ದ ಕ್ಷೇತ್ರಗಣಿತದ ಭಾಗವನ್ನು ತೆರೆದರೆ ಜವೆಗೋದಿಯ ಆಕಾರ, ಮದ್ದಳೆಯ ಆಕಾರ, ಶಂಖದ ಆಕಾರ, ಆನೆಯ ದಂತದ ಆಕಾರ ಎಂದು ಹೊಲಗಳು ಬರುತ್ತವೆ. ಕಣ್ಣಿಗೆ ಕಟ್ಟುವ ವಸ್ತುವಿನಿಂದಲೇ ಹೆಸರು ಕೊಡುವ ಲೇಖಕ ಚಿತ್ರವಿಲ್ಲದೆ ಪಾಠ ಹೇಳಿರಲಾರ. ಅವನು ಉತ್ತರಗಳನ್ನು ವ್ಯಾವಹಾರಿಕ, ಸೂಕ್ಷ್ಮ ಎಂದು ಎರಡು ಬಗೆಯಾಗಿ ಕೊಡುತ್ತಾನೆ: ಒಂದು ರೈತನಿಗೂ ಶಾನುಭೋಗನಿಗೂ ಸಾಕಾಗುವ ಅಂದಾಜು, ಇನ್ನೊಂದು ಅದಕ್ಕಿಂತ ನಿಕಟವಾದ ಲೆಕ್ಕ. ಬಾಗಿದ ಗೆರೆಯ ಒಳಗಿನ ಜಾಗಕ್ಕೆ ಮೊದಲು ಒರಟು ಉತ್ತರ, ಆಮೇಲೆ ನಯವಾದ ಉತ್ತರ ಎಂಬ ಈ ಕ್ರಮವೇ ಮುಂದೆ ಅನುಕಲನದ ಬೆನ್ನೆಲುಬಾಯಿತು. ಆಯತವೃತ್ತ ಎಂದು ಅವನು ಕರೆದ ದೀರ್ಘವೃತ್ತಕ್ಕೆ ಅವನ ನಿಯಮ ಸರಿಹೊಂದುವುದಿಲ್ಲ ಎಂಬುದೂ ನಿಜ. ಜಾಗವನ್ನು ಎಳೆಎಳೆಯಾಗಿ ಸೀಳಿ ಕೂಡಿಸುವ ವಿದ್ಯೆ ಇನ್ನೂ ಕೈಗೆ ಬಂದಿರಲಿಲ್ಲ. ಹೊಯ್ಸಳರ ಕಾಲದಲ್ಲಿ, 12ನೆಯ ಶತಮಾನದಲ್ಲಿ, ಜೈನಕವಿ ರಾಜಾದಿತ್ಯ ಗಣಿತವನ್ನು ಕನ್ನಡಕ್ಕೆ ತಂದ. ‘ವ್ಯವಹಾರಗಣಿತ’ದ ಜೊತೆಗೆ ‘ಕ್ಷೇತ್ರಗಣಿತ’, ‘ಚಿತ್ರಹಸುಗೆ’ ಎಂಬ ಕೃತಿಗಳೂ ಅವನ ಹೆಸರಿನಲ್ಲಿವೆ. ಕನ್ನಡದಲ್ಲಿ ಗಣಿತ ಬರೆಯಲು ಹೊರಟ ಮೊದಲಿಗನೇ ಕ್ಷೇತ್ರದ ಲೆಕ್ಕಕ್ಕೆ ಪ್ರತ್ಯೇಕ ಗ್ರಂಥ ಮೀಸಲಿಟ್ಟನೆಂಬುದು ಸಣ್ಣ ಸಂಗತಿಯಲ್ಲ.

ಸೀಳಿ ಕೂಡಿಸುವ ವಿದ್ಯೆ ಕಣ್ಣಿಗೆ ಸ್ಪಷ್ಟವಾಗಿ ಬೀಳುವುದು ಭಾಸ್ಕರಾಚಾರ್ಯನಲ್ಲಿ. ಅವನು 1114ರಲ್ಲಿ ಹುಟ್ಟಿ 1150ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ಮುಗಿಸಿದ. ಸಹ್ಯಾದ್ರಿಯ ಬಳಿಯ ತನ್ನೂರೆಂದು ಅವನು ಹೇಳುವ ವಿಜ್ಜಡವಿಡ ಇಂದಿನ ಯಾವ ಊರು ಎಂಬುದರ ಬಗ್ಗೆ ಕನ್ನಡ, ಮರಾಠಿ ವಿದ್ವಾಂಸರ ನಡುವೆ ವಾದ ನಡೆದಿದೆ; ನನ್ನ ವಾದ ಅದರ ಮೇಲೆ ನಿಂತಿಲ್ಲ. ನಿಂತಿರುವುದು ಗೋಳದ ಮೇಲ್ಮೈಯನ್ನು ಅವನು ವಿವರಿಸುವ ಬಗೆಯ ಮೇಲೆ. ‘ಲೀಲಾವತಿ’ಯಲ್ಲಿ ಗೋಳದ ಮೇಲ್ಮೈಯನ್ನು ಚೆಂಡಿನ ಸುತ್ತ ಹೆಣೆದ ಬಲೆಗೆ ಹೋಲಿಸುತ್ತಾನೆ. ಗೋಳಾಧ್ಯಾಯದ ವಿವರಣೆಯಲ್ಲಿ ನೆಲ್ಲಿಕಾಯಿಯನ್ನು ನೆನಪಿಸುತ್ತಾನೆ. ನೆಲ್ಲಿಕಾಯಿಯ ತೊಟ್ಟಿನಿಂದ ಕೆಳತುದಿಯವರೆಗೆ ಗೆರೆಗಳು ಓಡುತ್ತವೆ, ಎರಡು ಗೆರೆಗಳ ನಡುವೆ ತೊಳೆಯಂಥ ಪಟ್ಟಿ. ಗೋಳದ ಮೈಯನ್ನು ಅಂಥ 96 ಪಟ್ಟಿಗಳಾಗಿ ಸೀಳಿ, ಒಂದು ಪಟ್ಟಿಯನ್ನು ಅಡ್ಡಕ್ಕೆ ಸಣ್ಣ ಸಣ್ಣ ತುಂಡು ಮಾಡಿ, ತುಂಡುಗಳ ವಿಸ್ತಾರವನ್ನು ಜ್ಯಾಕೋಷ್ಟಕದ (ಸೈನ್ ಬೆಲೆಗಳ ಪಟ್ಟಿಯ) ನೆರವಿನಿಂದ ಕೂಡಿಸಿ, ಎಲ್ಲ ಪಟ್ಟಿಗಳಿಗೂ ಗುಣಿಸಿದರೆ ಉತ್ತರ: ಪರಿಧಿ ಗುಣಿಸು ವ್ಯಾಸ. ಗೋಳದ ಗಾತ್ರಕ್ಕೂ ಇದೇ ಉಪಾಯ. ಮೇಲ್ಮೈಯ ಒಂದೊಂದು ತುಣುಕನ್ನು ತಳವಾಗಿಟ್ಟುಕೊಂಡು ಕೇಂದ್ರದಲ್ಲಿ ಮೊನೆಗೊಳ್ಳುವ ಸೂಜಿಗಳಿಂದ ಗೋಳ ತುಂಬಿದೆ ಎಂದು ಕಲ್ಪಿಸಿ, ಸೂಜಿಗಳ ಗಾತ್ರವನ್ನು ಕೂಡಿಸುತ್ತಾನೆ. ಇಲ್ಲಿ ಚಿತ್ರವನ್ನು ತೆಗೆದುಹಾಕಿದರೆ ಉಳಿಯುವುದು ಒಂದು ಗುಣಾಕಾರ ಮಾತ್ರ. ಗುಣಾಕಾರ ಯಾಕೆ ಸರಿ ಎಂಬುದು ಪೂರ್ತಿಯಾಗಿ ನೆಲ್ಲಿಕಾಯಿಯಲ್ಲಿದೆ.

ಅನುಕಲನಕ್ಕೆ ನೆಲ್ಲಿಕಾಯಿ ಇದ್ದಂತೆ ಅವಕಲನಕ್ಕೆ ಚಂದ್ರನಿದ್ದ. ಚಂದ್ರ ದಿನವೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಅವನ ದಿನಗತಿ ಸುಮಾರು 12 ಡಿಗ್ರಿಯಿಂದ 15 ಡಿಗ್ರಿಯವರೆಗೆ ಹಿಗ್ಗಿ ಕುಗ್ಗುತ್ತದೆ. ಸೂರ್ಯನಿಗಿಂತ ಅವನು 12 ಡಿಗ್ರಿ ಮುಂದೆ ಸರಿದಾಗಲೆಲ್ಲ ಒಂದು ತಿಥಿ ಮುಗಿಯುತ್ತದೆ. ತಿಥಿ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಮುಗಿಯಿತು ಎಂದು ಹೇಳಬೇಕಾದರೆ ಇಡೀ ದಿನದ ಸರಾಸರಿ ವೇಗ ಸಾಲದು, ಆ ಹೊತ್ತಿನ ವೇಗ ಬೇಕು. ಮೈಸೂರಿನ ಮನೆಮನೆಗಳಲ್ಲಿ ಗೋಡೆಗೆ ತೂಗುಬಿದ್ದ ಒಂಟಿಕೊಪ್ಪಲ್ ಪಂಚಾಂಗದ ಪ್ರತಿ ಸಾಲಿನ ಹಿಂದೆಯೂ ಇರುವ ಸಮಸ್ಯೆ ಇದು. ಭಾಸ್ಕರ ಅದಕ್ಕೆ ‘ತಾತ್ಕಾಲಿಕ ಗತಿ’ ಎಂದು ಹೆಸರಿಟ್ಟ. ಗ್ರಹದ ಸರಾಸರಿ ಸ್ಥಾನಕ್ಕೆ ಸೇರಿಸಬೇಕಾದ ತಿದ್ದುಪಡಿ ಗರಿಷ್ಠವಾದ ಕಡೆ, ವೇಗಕ್ಕೆ ಸೇರಿಸಬೇಕಾದ ತಿದ್ದುಪಡಿ ಸೊನ್ನೆಯಾಗುತ್ತದೆ ಎಂದೂ ಗುರುತಿಸಿದ. ಅರ್ಧವೃತ್ತದ ಕಮಾನಿನ ನೆತ್ತಿಯಲ್ಲಿ ಅಡಿಪಟ್ಟಿ ಮಲಗಿದ್ದೂ ಇದೇ ಕಾರಣಕ್ಕೆ.

ಇದಕ್ಕೂ ಮೊದಲೇ, 499ರಲ್ಲಿ, ಆರ್ಯಭಟ ಜ್ಯಾ ಬೆಲೆಗಳ ಬದಲು ಅವುಗಳ ವ್ಯತ್ಯಾಸಗಳನ್ನು ಮಾತ್ರ ಕೊಟ್ಟಿದ್ದ. ಅವು 24 ಸಂಖ್ಯೆಗಳು: 225, 224, 222, 219, 215, 210 ಎಂದು ಆರಂಭವಾಗಿ, ನಡುವೆ 154, 143, 131 ಎಂದು ಇಳಿದು, ಕೊನೆಗೆ 51, 37, 22, 7 ಎಂದು ಮುಗಿಯುತ್ತವೆ. ಸಾಲಾಗಿ ಓದಿದರೆ ಇವು ಅಂಕಿಗಳ ರಾಶಿ. ಒಂದು ಗ್ರಾಫ್ ಹಾಳೆ ತೆಗೆದುಕೊಂಡು ಪ್ರತಿಯೊಂದಕ್ಕೂ ಒಂದೊಂದು ಕೋಲು ನಿಲ್ಲಿಸಿದರೆ ಇಡೀ ಶಾಸ್ತ್ರ ತೆರೆದುಕೊಳ್ಳುತ್ತದೆ. ಕೋಲುಗಳ ತುದಿ ಮೊದಲು ಬಹುತೇಕ ಮಟ್ಟಸವಾಗಿದ್ದು ಆಮೇಲೆ ಕಡಿದಾಗಿ ಇಳಿಯುತ್ತದೆ; ಅದು ಕೋಟಿಜ್ಯಾದ, ಅಂದರೆ ಕೊಸೈನಿನ, ವಕ್ರರೇಖೆ. ಕೋಲುಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋದರೆ 225, 449, 671, 890 ಎಂದು ಜ್ಯಾ ಬೆಲೆಗಳು ಬರುತ್ತವೆ, ಎಲ್ಲವನ್ನೂ ಪೇರಿಸಿದಾಗ ಸರಿಯಾಗಿ 3438, ಅಂದರೆ ವೃತ್ತದ ತ್ರಿಜ್ಯ. ಅಕ್ಕಪಕ್ಕದ ಕೋಲುಗಳ ನಡುವಿನ ವ್ಯತ್ಯಾಸ ತೆಗೆದರೆ 1, 2, 3, 4, 5 ಎಂದು ಮೊದಲಾಗಿ ಕೊನೆಯಲ್ಲಿ 14, 15, 15ಕ್ಕೆ ಬರುತ್ತದೆ. ಅದು ಮತ್ತೆ ಜ್ಯಾದ ಆಕಾರವನ್ನೇ ಹೋಲುತ್ತದೆ. ಬದಲಾವಣೆಗಳನ್ನು ಕೂಡಿಸಿದರೆ ಮೂಲ ಸಿಗುತ್ತದೆ, ಮೂಲದಿಂದ ಕಳೆಯುತ್ತ ಹೋದರೆ ಬದಲಾವಣೆ ಸಿಗುತ್ತದೆ. ಕಲನಶಾಸ್ತ್ರದ ಮೂಲಪ್ರಮೇಯ ಹೇಳುವುದು ಇದನ್ನೇ. ಹದಿನಾರು ವರ್ಷದ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ಪೆನ್ಸಿಲಿನಿಂದ ಎಳೆದು ಮುಗಿಸಬಹುದಾದ ಚಿತ್ರದಲ್ಲಿ ಅವಕಲನವೂ ಅನುಕಲನವೂ ಒಂದರ ಬೆನ್ನು ಇನ್ನೊಂದು ಎಂಬುದು ತೋರುತ್ತದೆ.

ಹಾಗಾದರೆ ಕಲನಶಾಸ್ತ್ರ ನಮ್ಮದೇ, ನ್ಯೂಟನ್ ಮತ್ತು ಲೈಬ್‌ನಿಟ್ಸ್ ಆಮೇಲಿನವರು ಎಂದು ಎದೆತಟ್ಟಿಕೊಳ್ಳಬಹುದೇ? ಅಲ್ಲಿಗೆ ಹೋಗಬಾರದು. ಯಾವುದೇ ವಕ್ರರೇಖೆಗೂ ಅನ್ವಯಿಸುವ ಸಾಮಾನ್ಯ ವಿಧಾನ, ಮಿತಿಯ ನಿಖರ ವ್ಯಾಖ್ಯೆ ಭಾಸ್ಕರನಲ್ಲಿಲ್ಲ. ಅವನ ಮುಂದಿದ್ದದ್ದು ಗ್ರಹಗಳ ಲೆಕ್ಕ, ವೃತ್ತ ಮತ್ತು ಗೋಳ. ಹಳೆಯದನ್ನು ಹೊಸದರ ಅಳತೆಗೋಲಿನಿಂದಷ್ಟೇ ನೋಡಿದರೆ ಆಗುವ ನಷ್ಟವನ್ನು ಮೈಸೂರಿನವರೇ ಒಬ್ಬರು ತೋರಿಸಿಕೊಟ್ಟಿದ್ದಾರೆ. ಮಹಾರಾಜ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಎ. ಎ. ಕೃಷ್ಣಸ್ವಾಮಿ ಅಯ್ಯಂಗಾರ್, ಅಂದರೆ ಕವಿ ಎ. ಕೆ. ರಾಮಾನುಜನ್ ಅವರ ತಂದೆ, 1920ರ ದಶಕದಲ್ಲಿ ಭಾರತೀಯ ಜ್ಯಾಕೋಷ್ಟಕದ ಬಗ್ಗೆಯೂ ಸಮೀಕರಣಗಳಿಗೆ ಪೂರ್ಣಾಂಕ ಉತ್ತರ ಹುಡುಕುವ ಭಾಸ್ಕರನ ಚಕ್ರವಾಲ ವಿಧಾನದ ಬಗ್ಗೆಯೂ ಬರೆದರು. ಚಕ್ರವಾಲವನ್ನು ಯುರೋಪಿನ ಸರಳ ವಿತತಭಿನ್ನದ ಇನ್ನೊಂದು ರೂಪವೆಂದು ತಳ್ಳಿಹಾಕುವುದು ರೂಢಿಯಾಗಿದ್ದಾಗ, ಅದಕ್ಕೆ ತನ್ನದೇ ತರ್ಕವಿದೆ, ತನ್ನದೇ ನಡಿಗೆಯಿದೆ ಎಂದು ಅವರು ಗಣಿತದಿಂದಲೇ ಸಾಧಿಸಿದರು. ಅವರಿಂದ ಕಲಿಯಬೇಕಾದದ್ದು ಹಳಬರ ಕೆಲಸವನ್ನು ಅವರ ದಾರಿಯಲ್ಲೇ ನಡೆದು ನೋಡುವ ಶಿಸ್ತು. ಹಾಗೆ ನಡೆದಾಗ ಯಾರು ಮೊದಲು ಎಂಬ ಪ್ರಶ್ನೆ ಹಿಂದಕ್ಕೆ ಸರಿದು, ಹೇಗೆ ಕಂಡುಕೊಂಡರು ಎಂಬ ಪ್ರಶ್ನೆ ಮುಂದೆ ಬರುತ್ತದೆ. ಉತ್ತರ ಎಲ್ಲ ಕಡೆಯೂ ಒಂದೇ: ಕತ್ತರಿಸಿ, ಕೂಡಿಸಿ, ಕಣ್ಣಿನಿಂದ ಕಂಡು. ಕೇರಳದಲ್ಲಿ ಗಣಿತಜ್ಞ ಮಾಧವನ ಪರಂಪರೆಯ ಜ್ಯೇಷ್ಠದೇವ ಸುಮಾರು 1530ರಲ್ಲಿ ‘ಯುಕ್ತಿಭಾಷಾ’ ಬರೆದಾಗ ಅನಂತ ಶ್ರೇಢಿಗಳ ಸಾಧನೆಯನ್ನು ಮಲಯಾಳದಲ್ಲಿ, ಗೆರೆ ಎಳೆ, ಇಷ್ಟು ಭಾಗ ಮಾಡು, ಈ ತುದಿಯಿಂದ ಆ ತುದಿಗೆ ಕೂಡಿಸು ಎಂಬ ಧಾಟಿಯಲ್ಲಿ ವಿವರಿಸಿದ. ಓದುವವನ ಕೈಯಲ್ಲಿ ಚಿತ್ರ ಬರೆಸುವ ಗದ್ಯ ಅದು.

ಯುರೋಪಿನ ಕಥೆಯೂ ಬೇರೆಯಲ್ಲ. 14ನೆಯ ಶತಮಾನದಲ್ಲಿ ಫ್ರಾನ್ಸಿನ ಒರೆಮ್ ವೇಗವನ್ನು ಲಂಬಗೆರೆಗಳಾಗಿ ನಿಲ್ಲಿಸಿ, ಗೆರೆಗಳು ಆವರಿಸಿದ ಜಾಗವೇ ಕ್ರಮಿಸಿದ ದೂರ ಎಂದು ತೋರಿಸಿದ. ನ್ಯೂಟನ್ ತನ್ನ 1687ರ ‘ಪ್ರಿನ್ಸಿಪಿಯಾ’ವನ್ನು ತುಂಬಿಸಿದ್ದು ಜ್ಯಾಮಿತಿಯ ಆಕೃತಿಗಳಿಂದ, ಲೈಬ್‌ನಿಟ್ಸ್ 1684ರಲ್ಲಿ ಪ್ರಕಟಿಸಿದ ಲೇಖನದ ವಿಷಯವೇ ಸ್ಪರ್ಶಕ ಮತ್ತು ಗರಿಷ್ಠ, ಕನಿಷ್ಠ. ಚಿತ್ರವನ್ನು ಹೊರಗಿಡುವುದು ಹೆಮ್ಮೆಯ ಮಾತಾದದ್ದು ಅವರಿಬ್ಬರ ನಂತರ. 1788ರಲ್ಲಿ ಲಾಗ್ರಾಂಜ್ ತನ್ನ ಯಂತ್ರಶಾಸ್ತ್ರದ ಗ್ರಂಥದಲ್ಲಿ ಒಂದೂ ಚಿತ್ರ ಸಿಗದು ಎಂದು ಮುನ್ನುಡಿಯಲ್ಲೇ ಸಾರಿದ. 1872ರಲ್ಲಿ ವೈಯರ್‌ಸ್ಟ್ರಾಸ್ ಎಲ್ಲೂ ಕಡಿಯದ, ಆದರೆ ಯಾವ ಬಿಂದುವಿನಲ್ಲೂ ಸ್ಪರ್ಶಕವಿಲ್ಲದ ವಕ್ರರೇಖೆಯನ್ನು ಮುಂದಿಟ್ಟ. ಅದನ್ನು ಯಾರ ಕೈಯೂ ಎಳೆಯಲಾರದು. ಚಿತ್ರವನ್ನು ನಂಬಬಾರದು ಎನ್ನುವವರ ಬತ್ತಳಿಕೆಯಲ್ಲಿ ಇದಕ್ಕಿಂತ ಹರಿತವಾದ ಬಾಣ ಇಲ್ಲ, ಹಾಗಾಗಿ ಇದಕ್ಕೆ ನೇರವಾಗಿ ಉತ್ತರಿಸಬೇಕು.

ಬಾಣ ನಾಟುವುದು ನಿಜ. ನಯವಾದ ಗೆರೆಗಳನ್ನೇ ಎಳೆದು ಅಭ್ಯಾಸವಾದ ಕೈ ಎಲ್ಲ ಗೆರೆಯೂ ನಯವಾಗಿರುತ್ತದೆ ಎಂದು ನಂಬಿಬಿಡುತ್ತದೆ. ಆದರೆ ಆ ನಂಬಿಕೆಯನ್ನು ಮುರಿಯಲು ಹೊರಡುವ ಮೊದಲ ಹೆಜ್ಜೆಯೂ ಚಿತ್ರವೇ. ಅಶೋಕ ರಸ್ತೆಯ ಕಮಾನಿನ ತುದಿಯಲ್ಲಿ ಒಂದೇ ಒಂದು ಮೂಲೆಯಿದೆ, ಅಲ್ಲಿ ಸ್ಪರ್ಶಕ ಸೋಲುತ್ತದೆ. ಕಮಾನುಗಳ ಸಾಲೊಂದನ್ನು ಬರೆದರೆ ಮೂಲೆಗಳ ಸಾಲು. ಪ್ರತಿ ಕಮಾನಿನ ಬದಿಯಲ್ಲೂ ಪುಟ್ಟ ಕಮಾನುಗಳು, ಆ ಪುಟ್ಟವುಗಳ ಬದಿಯಲ್ಲಿ ಇನ್ನೂ ಪುಟ್ಟವು ಎಂದು ಮನಸ್ಸಿನಲ್ಲಿ ಮುಂದುವರಿಸಿದಾಗ ವೈಯರ್‌ಸ್ಟ್ರಾಸ್‌ನ ರೇಖೆ ಎಂಥ ಜೀವಿ ಎಂಬುದರ ಸುಳಿವು ಸಿಗುತ್ತದೆ. ಚಿತ್ರ ನಿಂತ ಕಡೆಯಿಂದ ತರ್ಕ ಮುಂದಕ್ಕೆ ಒಯ್ಯುತ್ತದೆ. ಒಂದೂ ಗೆರೆ ಎಳೆಯದವನಿಗೆ ‘ಎಲ್ಲೂ ಸ್ಪರ್ಶಕವಿಲ್ಲ’ ಎಂಬುದು ಬೆರಗೂ ಅಲ್ಲ, ಎಚ್ಚರಿಕೆಯೂ ಅಲ್ಲ, ಮತ್ತೊಂದು ವಾಕ್ಯ ಮಾತ್ರ. ಆದ್ದರಿಂದ ಚಿತ್ರ ಮೋಸ ಮಾಡುತ್ತದೆ ಎಂಬ ಆಕ್ಷೇಪದಿಂದ ಬರುವ ನಿಜವಾದ ಪಾಠ ಚಿತ್ರವನ್ನು ಬಿಡು ಎಂಬುದಲ್ಲ. ಹೆಚ್ಚು ಬಗೆಯ ಚಿತ್ರ ಬರೆ, ಪ್ರತಿಯೊಂದನ್ನೂ ಪಾಟೀಸವಾಲಿಗೆ ಒಡ್ಡು ಎಂಬುದು.

ಯುರೋಪಿನಲ್ಲಿಯೇ ಈ ತಿಳಿವು ಮರಳಿ ಬಂದದ್ದು ಕುತೂಹಲದ ಸಂಗತಿ. 1901ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಪ್ರಾಧ್ಯಾಪಕ ಜಾನ್ ಪೆರ್ರಿ ಶಾಲೆಗಳಿಗೆ ಚೌಕುಳಿ ಹಾಳೆ ತನ್ನಿ, ವಿದ್ಯಾರ್ಥಿಯ ಕೈಯಲ್ಲಿ ನಕ್ಷೆ ಬರೆಸಿ ಎಂದು ಚಳವಳಿಯನ್ನೇ ಹೂಡಿದರು. 1910ರಲ್ಲಿ ಸಿಲ್ವೇನಸ್ ಥಾಂಪ್ಸನ್ ಕಲನಶಾಸ್ತ್ರವನ್ನು ಸುಲಭ ಮಾಡುವ ಪುಸ್ತಕ ಹೊರತಂದರು. ಇತ್ತ ನಮ್ಮಲ್ಲಿ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಆರಂಭಿಸಿದರು. ಮುಂದೆ 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು ಪ್ರಸಾರಾಂಗಕ್ಕೆ ಬಲ ತುಂಬಿ, ಉನ್ನತ ವಿಜ್ಞಾನವೂ ಕನ್ನಡದಲ್ಲಿ ಸಾಧ್ಯ ಎಂದು ಹಟ ಹಿಡಿದರು. ಕನ್ನಡಕ್ಕೆ ಪದಗಳು ಬಂದವು: ಅವಕಲನ, ಅನುಕಲನ, ನಿಷ್ಪನ್ನ, ಸ್ಪರ್ಶಕ. ಪದಗಳು ಬಂದಷ್ಟು ಸಲೀಸಾಗಿ ಅವುಗಳ ಹಿಂದಿನ ಚಿತ್ರ ಬರಲಿಲ್ಲ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಾಶಿಯ ಸುಧಾಕರ ದ್ವಿವೇದಿ ಈ ಶಾಸ್ತ್ರದ ಮೇಲಿನ ತಮ್ಮ ಪುಸ್ತಕಕ್ಕೆ ‘ಚಲನ ಕಲನ’ ಎಂದು ಹೆಸರಿಟ್ಟಾಗ ಚಲನೆ ಕಣ್ಣಿಗೆ ಕಟ್ಟುತ್ತಿತ್ತು. ‘ಅವ’, ‘ಅನು’ ಎಂಬ ಉಪಸರ್ಗಗಳು ಕನ್ನಡ ಕಿವಿಗೆ ಯಾವ ಆಕಾರವನ್ನೂ ಕೊಡುವುದಿಲ್ಲ. ‘ಇಳಿಜಾರು’ ಎಂಬ ಪದವೂ ಏರನ್ನು ಮರೆಸುತ್ತದೆ. ಪಾರಿಭಾಷಿಕ ಪದ ಅಪಾರದರ್ಶಕವಾದಷ್ಟೂ ಅದರ ಪಕ್ಕದಲ್ಲಿ ನಕ್ಷೆ ಇರಬೇಕಾದ ಅಗತ್ಯ ಹೆಚ್ಚುತ್ತದೆ.

ನಕ್ಷೆಯಿಲ್ಲದ ಮಾತು ಎಂಥ ಗೊಂದಲ ಹುಟ್ಟಿಸುತ್ತದೆ ಎಂಬುದಕ್ಕೆ ಲಷ್ಕರ್ ಮೊಹಲ್ಲಾದ ನೆರೆಯ ಮಂಡಿ ಮೊಹಲ್ಲಾದ ಹೆಸರೇ ಉದಾಹರಣೆ ಒದಗಿಸುತ್ತದೆ. ಮಂಡಿ ಎಂದರೆ ಸಗಟು ವ್ಯಾಪಾರದ ಜಾಗ. ಹಣದುಬ್ಬರ ಇಳಿದಿದೆ ಎಂದು ಸುದ್ದಿ ಬಂದಾಗ ಅಂಗಡಿಯ ಮುಂದೆ ನಿಂತ ಗಿರಾಕಿ, ಬೇಳೆಯ ಬೆಲೆ ಎಲ್ಲಿ ಇಳಿದಿದೆ ಎಂದು ಕೇಳುತ್ತಾನೆ. ಇಬ್ಬರ ಮಾತೂ ಸರಿ. ಬೆಲೆಯ ರೇಖೆ ಏರುತ್ತಲೇ ಇದೆ. ಏರಿನ ಕಡಿದುತನ ಮಾತ್ರ ಕಡಿಮೆಯಾಗಿದೆ. 100 ರೂಪಾಯಿಯದು ಒಂದು ವರ್ಷದಲ್ಲಿ 110, ಮರುವರ್ಷ 115 ಆದರೆ ಏರಿಕೆ 10ರಿಂದ 5ಕ್ಕೆ ಇಳಿಯಿತು, ಬೆಲೆ ಇಳಿಯಲಿಲ್ಲ. ರೇಖೆಯನ್ನು ಮೇಲೆ, ಅದರ ಇಳಿಜಾರನ್ನು ಕೆಳಗೆ, ಒಂದೇ ಅಡ್ಡ ಅಕ್ಷದ ಮೇಲೆ ಎರಡು ನಕ್ಷೆಯಾಗಿ ಬರೆದರೆ ಜಗಳ ಅಲ್ಲಿಗೇ ಮುಗಿಯುತ್ತದೆ. ಕಲನಶಾಸ್ತ್ರ ಎಂಜಿನಿಯರ್ ಆಗುವವರಿಗೆ ಮಾತ್ರ ಬೇಕಾದ ವಿದ್ಯೆ ಎಂಬ ಮಾತಿಗೂ ಇದೇ ಉತ್ತರ. ಬೆಲೆಯನ್ನೂ ಏರಿಕೆಯ ದರವನ್ನೂ ಬೇರ್ಪಡಿಸಿ ನೋಡಲು ಬಾರದ ಪ್ರಜೆಯನ್ನು ಅಂಕಿಅಂಶದ ಹೆಸರಿನಲ್ಲಿ ಯಾರಾದರೂ ದಾರಿ ತಪ್ಪಿಸಬಹುದು.

ಅನುಕಲನಕ್ಕೆ ಮೈಸೂರಿನವರ ಬಳಿ ಇನ್ನೂ ದೊಡ್ಡ ಪಾಠವಿದೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ, ಒಳಹರಿವು, ಹೊರಹರಿವು ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಅಚ್ಚಾಗುತ್ತವೆ. ಗರಿಷ್ಠ ಮಟ್ಟ 124.80 ಅಡಿ, ಆಗ ಸಂಗ್ರಹ 49.452 ಟಿಎಂಸಿ. ಒಳಹರಿವು ಕ್ಯುಸೆಕ್‌ನಲ್ಲಿದೆ, ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ: ಅದು ದರ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ: ಅದು ಮೊತ್ತ. ದಿನಕ್ಕೆ 86,400 ಸೆಕೆಂಡು ಇರುವುದರಿಂದ ಸುಮಾರು 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ದಿನಗಳನ್ನು ಅಡ್ಡಕ್ಕೆ, ಒಳಹರಿವಿನಿಂದ ಹೊರಹರಿವು ಕಳೆದ ಉಳಿಕೆಯನ್ನು ಉದ್ದಕ್ಕೆ ಗುರುತಿಸಿ ಕೋಲುಗಳನ್ನು ನಿಲ್ಲಿಸಿದರೆ, ಕೋಲುಗಳು ಆವರಿಸಿದ ಜಾಗವೇ ಕಟ್ಟೆಗೆ ಸೇರಿದ ನೀರು. ಮಟ್ಟ ಒಂದು ಅಡಿ ಏರಿತೆಂಬ ಸುದ್ದಿಯನ್ನು ನೋಡುವಾಗಲೂ ನಕ್ಷೆ ಬೇಕು. ಕಣಿವೆ ಮೇಲಕ್ಕೆ ಹೋದಂತೆ ಅಗಲವಾಗುತ್ತದೆ, ಆದ್ದರಿಂದ 80ನೆಯ ಅಡಿಯಲ್ಲಿ ಹಿಡಿಯುವ ನೀರಿಗಿಂತ 120ನೆಯ ಅಡಿಯಲ್ಲಿ ಹಿಡಿಯುವ ನೀರು ಬಹಳ ಹೆಚ್ಚು. ಮಟ್ಟಕ್ಕೆ ಎದುರಾಗಿ ಸಂಗ್ರಹದ ರೇಖೆ ಎಳೆದರೆ ಅದರ ಇಳಿಜಾರೇ ಆ ಮಟ್ಟದಲ್ಲಿ ನೀರು ಹರಡಿಕೊಂಡ ವಿಸ್ತಾರ. ಕಾವೇರಿ ಬಯಲಿನ ರೈತನ ಬೆಳೆ ನಿಂತಿರುವ ಪ್ರಶ್ನೆಯ ಉತ್ತರ ಇಡಿಯಾಗಿ ಒಂದು ವಕ್ರರೇಖೆಯಲ್ಲಿದೆ.

ಕೊನೆಯ ಆಕ್ಷೇಪ ವ್ಯವಹಾರದ್ದು. ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಒಂದಕ್ಕೆ ಒಂದೂವರೆ ನಿಮಿಷ ಕೂಡ ನೆಟ್ಟಗೆ ಸಿಗಲಾರದಾಗ ಚಿತ್ರ ಬರೆಯುತ್ತ ಕೂತರೆ ಮುಗಿಯುವುದೆಂತು ಎಂದು ಪಾಲಕರೂ ಅಧ್ಯಾಪಕರೂ ಕೇಳುವುದು ನ್ಯಾಯವೇ. ಆದರೆ ಚಿತ್ರ ಗೊತ್ತಿದ್ದವನಿಗೇ ಸಮಯ ಉಳಿಯುವುದು. ಜ್ಯಾದ ಘನವನ್ನು ಸೊನ್ನೆಯ ಎರಡೂ ಬದಿಗೆ ಸಮದೂರದವರೆಗೆ ಅನುಕಲಿಸು ಎಂದರೆ, ಎಡದ ತಗ್ಗು ಬಲದ ಉಬ್ಬನ್ನು ಸರಿಯಾಗಿ ತುಂಬುತ್ತದೆ ಎಂದು ಕಂಡವನು ಲೆಕ್ಕ ಮಾಡದೆಯೇ ಸೊನ್ನೆ ಎನ್ನುತ್ತಾನೆ. ತ್ರಿಜ್ಯದ ವರ್ಗದಿಂದ ಇನ್ನೊಂದು ವರ್ಗ ಕಳೆದು ಮೂಲ ತೆಗೆದ ಉತ್ಪನ್ನವನ್ನು ಸೊನ್ನೆಯಿಂದ ತ್ರಿಜ್ಯದವರೆಗೆ ಅನುಕಲಿಸಬೇಕಾಗಿ ಬಂದರೆ ಅದು ವೃತ್ತದ ಕಾಲುಭಾಗ ಎಂದು ಗುರುತಿಸಿದವನು ಅರ್ಧ ಪುಟದ ಆದೇಶವಿಧಾನ ದಾಟಿ ಉತ್ತರಕ್ಕೆ ಬರುತ್ತಾನೆ. ಸೂತ್ರ ಬೇಡ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಭಾಸ್ಕರನೂ ಪದ್ಯ ಬರೆದ. ಪದ್ಯವಿಲ್ಲದಿದ್ದರೆ ಅವನ ನೆಲ್ಲಿಕಾಯಿ ನಮಗೆ ತಲುಪುತ್ತಿರಲಿಲ್ಲ. ಪ್ರಶ್ನೆ ಇರುವುದು ಕ್ರಮದಲ್ಲಿ. ಈಗಿನ ಪಿಯು ಪಠ್ಯ ಕೂಡ ಮಿತಿಯ ಅಧ್ಯಾಯವನ್ನು ತೆರೆಯುವುದು ಎತ್ತರದಿಂದ ಬೀಳುವ ವಸ್ತುವಿನ ಮೂಲಕ: ಎರಡನೆಯ ಸೆಕೆಂಡಿನ ಹತ್ತಿರ ಹತ್ತಿರ ಸರಿದಂತೆ ಸರಾಸರಿ ವೇಗ 14.7, 17.15, 19.11, 19.551 ಎಂದು 19.6ರ ಕಡೆಗೆ ಸಾಗುತ್ತದೆ. ಪುಸ್ತಕ ಬಾಗಿಲು ತೆರೆದಿಟ್ಟಿದೆ. ಆ ನಾಲ್ಕು ಸಂಖ್ಯೆಗಳನ್ನು ನಾಲ್ಕು ಛೇದಕರೇಖೆಗಳಾಗಿ ಎಳೆಸಿ, ಅವು ಸ್ಪರ್ಶಕದ ಕಡೆಗೆ ತಿರುಗುವುದನ್ನು ನೋಡಲು ಬಿಡುವುದಕ್ಕೆ ಒಂದು ತರಗತಿ ಸಾಕು. ಎಸ್ಸೆಸ್ಸೆಲ್ಸಿಯಲ್ಲಿ ಗ್ರಾಫ್ ಹಾಳೆಯ ಮೇಲೆ ಎರಡು ಸರಳರೇಖೆ ಕೂಡುವ ಬಿಂದುವನ್ನು ಹುಡುಕಿದ ಕೈಗೆ ಬಾಗಿದ ರೇಖೆ ಹೊರೆಯಾಗದು.

ಹಲಗೆಯ ಮೇಲಿನ ಧೂಳನ್ನು ಗಾಳಿ ಒಯ್ದದ್ದು ಯಾರ ತಪ್ಪೂ ಅಲ್ಲ. ಆ ಕಾಲಕ್ಕೆ ಚಿತ್ರವನ್ನು ಕಾಪಿಡುವುದು ಸುಲಭವಾಗಿರಲಿಲ್ಲ. ನಮ್ಮ ಕೈಯಲ್ಲಿ ಚೌಕುಳಿ ಹಾಳೆಯಿದೆ, ಅಚ್ಚಿನ ಪುಸ್ತಕವಿದೆ, ಗೆರೆಯನ್ನು ಬೆರಳಿನಿಂದ ಹಿಗ್ಗಿಸಿ ಕುಗ್ಗಿಸಿ ತೋರಿಸುವ ಫೋನಿದೆ. ಇಷ್ಟಿದ್ದೂ ಪದ್ಯವನ್ನಷ್ಟೇ ದಾಟಿಸಿ ಚಿತ್ರವನ್ನು ಅಳಿಸಿಬಿಟ್ಟರೆ ಆ ಹೊಣೆಯನ್ನು ಗಾಳಿಯ ಮೇಲೆ ಹಾಕಲು ಬರುವುದಿಲ್ಲ. ಲಷ್ಕರ್ ಮೊಹಲ್ಲಾದಲ್ಲಿ ಕಲ್ಲಿನ ಕಮಾನು ಎದ್ದು ಒಂಬತ್ತು ದಶಕಗಳಾದವು. ಅದರ ಕೆಳಗೆ ಹಾದುಹೋಗುವ ವಿದ್ಯಾರ್ಥಿ ತಲೆಯೆತ್ತಿ, ಈ ತುದಿಯಲ್ಲಿ ಅಡಿಪಟ್ಟಿ ಯಾವ ಕಡೆಗೆ ವಾಲಬೇಕು ಎಂದು ಒಮ್ಮೆ ತನ್ನನ್ನೇ ಕೇಳಿಕೊಂಡರೆ, ಸೂತ್ರ ಅವನ ಬಳಿಗೆ ಉತ್ತರವಾಗಿ ಬರುತ್ತದೆ. ಅದುವರೆಗೆ ಅದು ಯಾರೋ ಕಟ್ಟಿಕೊಟ್ಟ, ಬಿಚ್ಚಿ ನೋಡದ ಗಂಟಾಗಿಯೇ ಇರುತ್ತದೆ.